ಷಡ್ಡಕನಿಗೆ ಬೀಸಿದ ಕಡಲ ಗಾಳಿ

ನಾಗಭೂಷಣನ ಆ ದಿನ ಕೆಟ್ಟಿದ್ದು ಹೆಂಡತಿ ಕಾಫಿಯ ಜೊತೆಗೆ ತಂದ ಒಂದು ಸುದ್ದಿಯಿಂದ. ಅವಳ ತಂಗಿ ಶೃತಿ ಬೆಳಗಾಗುತ್ತಲೇ ಫೋನು ಮಾಡಿ ಹೇಳಿದ್ದಳಂತೆ. ಡೆನ್ಮಾರ್ಕಿನಿಂದ ಒಬ್ಬ ಎಂಜಿನಿಯರು ಶೃತಿಯ ಗಂಡ ಅಂಜನಮೂರ್ತಿಯ ವರ್ಕ್‌ಶಾಪು ನೋಡಲು ಇವತ್ತು ತುಮಕೂರಿಗೆ ಬರುತ್ತಿದ್ದಾನೆ. ಅವನ ಕಂಪನಿಯವರು ಸಮುದ್ರದ ನಡುವೆ ದೊಡ್ಡ ದೊಡ್ಡ ಗಾಳಿಯಂತ್ರ ನಿಲ್ಲಿಸುತ್ತಾರಂತೆ. ಅದಕ್ಕೆ ಬೋಲ್ಟು ಬೇಕಂತೆ. ಆ ಬೋಲ್ಟನ್ನು ಅಂಜನಮೂರ್ತಿ ಕೊಡುತ್ತಾನಂತೆ.

"ಮಧ್ಯಾಹ್ನದ ಊಟ ಅವ್ರ ಮನೇಲೇ ಅಂತೆ ಕಣ್ರೀ," ಎಂದಳು ಸಂಧ್ಯಾ. "ಶೃತಿ ಶೋಕೇಸಲ್ಲಿದ್ದ ಗಾಜಿನ ತಟ್ಟೆ ಎಲ್ಲಾ ಕೆಳಗಿಳಿಸಿದಾಳೆ."

ಇಷ್ಟು ಹೇಳಿ ಅವಳು ಒಳಗೆ ಹೋದಳು. ಶಿವನ ಹೆಸರಿಗೆ ತಕ್ಕ ಹಾಗೆ ನಾಗಭೂಷಣನಿಗೆ ಕಾಫಿ ಹಾಲಾಹಲದಂತೆ ಗಂಟಲಲ್ಲೇ ನಿಂತಿತು.

ಇದು ಎರಡು ಸಾವಿರದ ಐದನೆಯ ಇಸವಿಯ ಮಾತು. ಅಂತರಸನಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಈ ಇಬ್ಬರು ಷಡ್ಡಕರ ಶೆಡ್ಡುಗಳು ಒಂದೇ ರಸ್ತೆಯಲ್ಲಿ ಎದುರುಬದುರಾಗಿದ್ದವು. ನಾಗಭೂಷಣ ಹಿರಿಯ ಅಳಿಯ. ಸಮುದ್ರದಲ್ಲಿ ಎಣ್ಣೆ, ಗ್ಯಾಸು ತೆಗೆಯುವ ಕಬ್ಬಿಣದ ಅಟ್ಟಣೆಗಳಿಗೆ ಮುಂಬಯಿಯ ಕಂಟ್ರಾಕ್ಟರೊಬ್ಬರ ಮೂಲಕ ಬೋಲ್ಟು ಮಾಡಿ ಕಳಿಸುವುದು ಅವನ ಕಸುಬು. ಮುಂಗೈ ದಪ್ಪದ ಬೋಲ್ಟುಗಳು, ಉಪ್ಪುನೀರು ತಿನ್ನದಂತೆ ಮೈತುಂಬ ನೀಲಿ ಲೇಪ. ಆ ಲೇಪ ತಾಳುತ್ತದೋ ಇಲ್ಲವೋ ನೋಡಲು ಶೆಡ್ಡಿನ ಮೂಲೆಯಲ್ಲಿ ಸದಾ ಉಪ್ಪುನೀರಿನ ಮಂಜು ಉಗುಳುವ ಒಂದು ಪೆಟ್ಟಿಗೆ ಇಟ್ಟಿದ್ದ. ತುಮಕೂರಿನಲ್ಲಿ ಸಮುದ್ರ ಅಂತ ಇದ್ದದ್ದು ಅದೊಂದೇ. ನಿಜವಾದ ಸಮುದ್ರವನ್ನು ಅವನು ಮದುವೆಯಾದ ವರ್ಷ ಮಂಗಳೂರಿನಲ್ಲಿ ನೋಡಿದ್ದ. ಸಂಧ್ಯಾಳ ಚಪ್ಪಲಿ ಅಲೆಯಲ್ಲಿ ಕೊಚ್ಚಿಕೊಂಡು ಹೋದ ಮೇಲೆ ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಅಂಜನಮೂರ್ತಿ ಮಾಡುತ್ತಿದ್ದದ್ದು ಗೇಟಿನ ಕೀಲು, ಟ್ರ್ಯಾಕ್ಟರ್ ಟ್ರೈಲರಿನ ಪಿನ್ನು. ಚಿತ್ರದುರ್ಗದ ಗುಡ್ಡಗಳಿಗೆ ಗಾಳಿಯಂತ್ರ ಬಂದಾಗ, ಅವುಗಳ ಕಂಬದೊಳಗೆ ಹತ್ತಲು ಬೇಕಾದ ಏಣಿಯ ಮೆಟ್ಟಿಲುಗಳನ್ನು ಒಂದು ಲಾರಿಯಷ್ಟು ಮಾಡಿಕೊಟ್ಟಿದ್ದ. ಗಾಳಿಗೂ ಅವನಿಗೂ ಇದ್ದ ನಂಟು ಅಷ್ಟೇ.

ನಾಗಭೂಷಣನ ಹೊಟ್ಟೆ ಇಷ್ಟು ಉರಿಯಲು ಇನ್ನೊಂದು ಕಾರಣವಿತ್ತು. ಈ ವಿಚಾರವನ್ನು ಅಂಜನಮೂರ್ತಿಯ ಕಿವಿಗೆ ಹಾಕಿದವನು ಅವನೇ. ಹಿಂದಿನ ವರ್ಷ ಗುಬ್ಬಿಯಲ್ಲಿ ಒಂದು ನಾಮಕರಣದ ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕೂತಿದ್ದಾಗ, ಯಾವುದೋ ಪತ್ರಿಕೆಯಲ್ಲಿ ಓದಿದ್ದನ್ನು ಹೋಳಿಗೆ ಮುರಿಯುತ್ತ ಹೇಳಿದ್ದ. ಎಣ್ಣೆ ಬಾವಿ ಇವತ್ತಲ್ಲ ನಾಳೆ ಬತ್ತುತ್ತದೆ, ಗಾಳಿ ಬತ್ತುವುದಿಲ್ಲ. ಯುರೋಪಿನಲ್ಲಿ ಎಣ್ಣೆಯವರಿಗೆ ಹಡಗು, ಪೈಪು, ಬೋಲ್ಟು ಕೊಡುತ್ತಿದ್ದವರು ಆಗಲೇ ಸಮುದ್ರದ ಗಾಳಿಯಂತ್ರಗಳ ಕಡೆ ತಿರುಗುತ್ತಿದ್ದಾರೆ. ಉಪ್ಪುನೀರು ಅದೇ, ಕಬ್ಬಿಣ ಅದೇ, ಅಲೆಯ ಹೊಡೆತ ಅದೇ. ನಾನೂ ಒಂದು ದಿನ ತಿರುಗುತ್ತೇನೆ ಎಂದಿದ್ದ. ಅಂಜನಮೂರ್ತಿ "ಹೌದಾ ಅಣ್ಣ" ಎಂದು ಇನ್ನೊಂದು ಸೌಟು ತುಪ್ಪ ಹಾಕಿಸಿಕೊಂಡಿದ್ದ. ಆಮೇಲೆ ಸದ್ದಿಲ್ಲದೆ ಬೆಂಗಳೂರಿನ ಯಂತ್ರಗಳ ಪ್ರದರ್ಶನಕ್ಕೆ ಹೋಗಿ, ಬಣ್ಣದ ಪುಸ್ತಿಕೆ ಹಂಚಿ, ಡೆನ್ಮಾರ್ಕಿನವರನ್ನು ಹಿಡಿದಿದ್ದ. ನಾಗಭೂಷಣ ತಿರುಗುತ್ತೇನೆ ತಿರುಗುತ್ತೇನೆ ಎಂದುಕೊಂಡು ಇದ್ದಲ್ಲೇ ಇದ್ದ.

ಸಾಹೇಬನಿಗೆ ದಾರಿ ತಪ್ಪಬಾರದೆಂದು ಅಂಜನಮೂರ್ತಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಕಾದು ನಿಲ್ಲುತ್ತಾನೆ ಎನ್ನುವುದನ್ನೂ ಸಂಧ್ಯಾ ಹೇಳಿದ್ದಳು. ನಾಗಭೂಷಣ ಮಾರುತಿ ವ್ಯಾನು ತೆಗೆದುಕೊಂಡು ಕ್ಯಾತ್ಸಂದ್ರಕ್ಕೆ ಹೊರಟ. ಏನು ಮಾಡಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಸುಮ್ಮನೆ ದೂರದಿಂದ ನೋಡಬೇಕು, ಹೊಟ್ಟೆ ಪೂರ್ತಿ ಉರಿಸಿಕೊಂಡು ವಾಪಸು ಬರಬೇಕು. ಹಲ್ಲುನೋವಿನವನು ನಾಲಗೆಯಿಂದ ಅದೇ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಹಾಗೆ.

ಅಂಜನಮೂರ್ತಿ ಅಲ್ಲಿರಲಿಲ್ಲ. ಅವರಿಬ್ಬರ ಮಾವ ಚೇಳೂರಿನ ಲಕ್ಷ್ಮೀನರಸಿಂಹಯ್ಯನವರು, ಪರದೇಶದವನಿಗೆ ನಮ್ಮ ತೋಟದ ಎಳನೀರನ್ನೇ ಕೊಡಬೇಕೆಂದು ಹಟ ಹಿಡಿದು ಕಿರಿಯ ಅಳಿಯನನ್ನು ಬೆಳಿಗ್ಗೆಯೇ ಚೇಳೂರಿಗೆ ಕರೆಸಿಕೊಂಡಿದ್ದರು. ವಾಪಸು ಬರುವಾಗ ಗುಬ್ಬಿ ದಾಟುತ್ತಲೇ ಅವನ ಕಾರು ಪಂಕ್ಚರಾಗಿ ಕೂತಿತ್ತು. ಇದೊಂದೂ ನಾಗಭೂಷಣನಿಗೆ ಗೊತ್ತಿಲ್ಲ. ಸುಮ್ಮನೆ ನಿಂತರೆ ಎದ್ದು ಕಾಣುತ್ತೇನೆಂದು ಒಂದು ತಟ್ಟೆ ಇಡ್ಲಿ ತೆಗೆದುಕೊಂಡು ತಿನ್ನುವವರ ನಡುವೆ ನಿಂತ.

ಮೊದಲ ತುತ್ತು ಬಾಯಿಗಿಡುವುದಕ್ಕೂ ಬೆಂಗಳೂರಿನ ಬಾಡಿಗೆ ಕಾರೊಂದು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಾರಿನಿಂದ ತೆಂಗಿನ ಮರದಂಥ ಬಿಳಿಯನೊಬ್ಬ ಮಡಿಕೆ ಬಿಚ್ಚಿಕೊಳ್ಳುತ್ತ ಇಳಿದ. ಅಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದ. ಇನ್‌ಷರ್ಟ್ ಮಾಡಿ ಬೂಟು ಹಾಕಿಕೊಂಡಿದ್ದವನು ನಾಗಭೂಷಣ ಒಬ್ಬನೇ. ನೇರವಾಗಿ ಅವನ ಹತ್ತಿರ ಬಂದು "ಮಿಸ್ಟರ್ ಮೂರ್ತಿ?" ಎಂದು ಕೈ ಚಾಚಿದ.

ನಾಗಭೂಷಣನ ಬಾಯಲ್ಲಿ ಇಡ್ಲಿಯಿತ್ತು, ಇಡ್ಲಿಗೆ ಖಾರದ ಚಟ್ನಿ ಮೆತ್ತಿತ್ತು. ನಾನಲ್ಲ, ನಾನು ಅವನ ಷಡ್ಡಕ ಎನ್ನಲು ಹೋಗಿ, ಮಾತು ಹೊರಡದೆ ತಲೆಯಾಡಿಸಿದ. ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ನಮ್ಮ ಕಡೆ ತಲೆ ಹೆಚ್ಚುಕಡಿಮೆ ಒಂದೇ ಥರ ಆಡುತ್ತದೆ. ಬಿಳಿಯ ಅವನ ಕೈ ಹಿಡಿದು ಕುಲುಕಿ, ತನ್ನ ಹೆಸರು ಹೆನ್ರಿಕ್ ಎಂದ. ಇಷ್ಟು ದೂರ ಬಂದು ಕಾದಿದ್ದಕ್ಕೆ ಉಪಕಾರ ಎಂದ.

ಇಡ್ಲಿ ಇಳಿಯಿತು. ಆಗಲಾದರೂ ಹೇಳಬಹುದಿತ್ತು. ನಾಗಭೂಷಣ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಅಂಜನಮೂರ್ತಿಯ ಸುಳಿವಿಲ್ಲ. ಶೃತಿಯ ಗಾಜಿನ ತಟ್ಟೆಗಳು ಒಂದೊಂದಾಗಿ ಕಣ್ಣಮುಂದೆ ಹಾದುಹೋದವು. ನನ್ನ ವ್ಯಾನಿನ ಹಿಂದೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿರುವ ತನ್ನ ದನಿಯನ್ನು ತಾನೇ ಕೇಳಿಸಿಕೊಂಡ.

ದಾರಿಯಲ್ಲಿ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮೊದಲು ಬೋಲ್ಟು ನೋಡಲಿ. ನೋಡಿ ಮನಸೋತ ಮೇಲೆ, ಸಾಹೇಬರೇ, ಇದನ್ನು ಮಾಡಿದವನ ಹೆಸರು ನಾಗಭೂಷಣ ಎಂದರಾಯಿತು. ಹುಡುಗಿ ಒಪ್ಪಿಗೆಯಾದ ಮೇಲೆ ಹೆಸರು ಸರಿಯಿಲ್ಲ ಅಂತ ಯಾರೂ ಮದುವೆ ಬಿಡುವುದಿಲ್ಲ. ಶೆಡ್ಡಿನ ಬೋರ್ಡಿನ ಭಯವೂ ಇರಲಿಲ್ಲ. ಹಿಂದಿನ ರಾಜ್ಯೋತ್ಸವಕ್ಕೆ ಏರಿಯಾದ ಹುಡುಗರು ಬಂದು ಇಂಗ್ಲಿಷ್ ಅಕ್ಷರಗಳಿಗೆ ಮಸಿ ಬಳಿದು ಹೋಗಿದ್ದರು. ಉಳಿದ ಕನ್ನಡ ಹೆನ್ರಿಕ್‌ಗೆ ಬಾರದು. ಕಾರಿನ ಡ್ರೈವರು ತಮಿಳಿನವನು, ಅವನನ್ನು ಶೆಡ್ಡಿನ ಮುಂದೆ ಇಳಿಯಗೊಡದೆ ಊಟ ಮಾಡಿಕೊಂಡು ಬಾ ಎಂದು ಪೇಟೆಗೆ ಅಟ್ಟಿದ.

ಶೆಡ್ಡಿನೊಳಗೆ ಕಾಲಿಟ್ಟ ಹೆನ್ರಿಕ್ ಅತ್ತಿತ್ತ ನೋಡದೆ ಬೋಲ್ಟುಗಳ ಹತ್ತಿರ ಹೋದ. ಸಾಲಾಗಿ ಮಲಗಿದ್ದ ನೀಲಿ ಬೋಲ್ಟುಗಳಲ್ಲಿ ಒಂದನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದ. ಉಪ್ಪಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಮಾತು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಅವರ ಗಾಳಿಯಂತ್ರದ ಕಂಬಗಳು ಅಲೆಯಲ್ಲೇ ನಿಲ್ಲುತ್ತವಂತೆ. ಕಂಬದ ತುಂಡು ತುಂಡನ್ನು ಜೋಡಿಸುವ ಕಡೆ ಸುತ್ತಲೂ ಇಂಥ ಬೋಲ್ಟುಗಳ ಬಳೆಯೇ ಇರುತ್ತದಂತೆ. ನೆಲದ ಮೇಲಿನ ಕಾರ್ಖಾನೆಯವರಿಗೆ ಸಮುದ್ರ ಎಂದರೇನೆಂದು ಅಆಇಈಯಿಂದ ಕಲಿಸಬೇಕು, ಎಣ್ಣೆಯವರಿಗೆ ಮಾಲು ಕೊಟ್ಟವರಿಗೆ ಅದನ್ನು ಕಲಿಸುವುದು ಬೇಡ, ಅದಕ್ಕೇ ಅಂಥವರನ್ನು ಹುಡುಕಿಕೊಂಡು ತಾನು ದೇಶ ಸುತ್ತುತ್ತಿದ್ದೇನೆ ಎಂದ. ಕೊನೆಗೆ ಒಂದು ಮಾತು ಕೇಳಿದ. ನಿಮ್ಮ ಪುಸ್ತಿಕೆಯಲ್ಲಿ ಬರೀ ಏಣಿಯ ಮೆಟ್ಟಿಲು ಇತ್ತಲ್ಲ, ಇದನ್ನೇಕೆ ಬಚ್ಚಿಟ್ಟಿರಿ?

ಮುಂಬಯಿಯ ಕಂಟ್ರಾಕ್ಟರು ಇಷ್ಟು ವರ್ಷದಲ್ಲಿ ನಾಗಭೂಷಣನಿಗೆ ಹೇಳಿದ ಅತಿ ದೊಡ್ಡ ಹೊಗಳಿಕೆ ಎಂದರೆ 'ಮಾಲು ತಲುಪಿತು' ಎನ್ನುವುದು. ಅಂಥವನ ಕತ್ತು ಈಗ ಕುಣಿಗಲ್ ಫಾರಂ ಕುದುರೆಯ ಕತ್ತಿನ ಹಾಗೆ ನೆಟ್ಟಗಾಯಿತು. ಇದೇ ಸಮಯ, ಹೆಸರು ಹೇಳಿಬಿಡೋಣ ಎಂದು ಬಾಯಿ ತೆರೆದ.

ಅಷ್ಟರಲ್ಲಿ ಟೀ ಅಂಗಡಿಯ ಮಹಾದೇವಯ್ಯ ಕೆಟಲು ಹಿಡಿದು ಒಳಗೆ ಬಂದ. ಕರೆಯದೆ ಬಂದವನು ಬಿಳಿಯನನ್ನು ಕಣ್ತುಂಬ ನೋಡಿ, ಟೀ ಕೊಡುವುದನ್ನೂ ಮರೆತು ಓಡಿಹೋದ. ಟೀ ಬದಲು ಅವನು ಕಳಿಸಿದ್ದು ಏರಿಯಾದ ಉದ್ದಿಮೆದಾರರ ಸಂಘದ ಅಧ್ಯಕ್ಷ ಆಂಜನಪ್ಪನವರನ್ನು. ಆಂಜನಪ್ಪನವರ ಬೀರುವಿನಲ್ಲಿ ಯಾವಾಗಲೂ ಎರಡು ಶಾಲು ಸಿದ್ಧವಾಗಿರುತ್ತಿದ್ದವು. ಅವರು ಒಂದನ್ನು ಹೆನ್ರಿಕ್‌ಗೂ ಇನ್ನೊಂದನ್ನು ನಾಗಭೂಷಣನಿಗೂ ಹೊದಿಸಿ, ಗುಂಪು ಕೂಡಿದ್ದ ಹತ್ತಿರದ ಶೆಡ್ಡುಗಳವರ ಮುಂದೆ, ನಮ್ಮ ಭೂಷಣ್ ಇಡೀ ಏರಿಯಾದ ಹೆಮ್ಮೆ ಎಂದು ಭಾಷಣ ಆರಂಭಿಸಿದರು. ಎರಡು ಮಾತಿಗೊಂದು ಸಲ ಭೂಷಣ್ ಬರುತ್ತಿತ್ತು.

ಭೂಷಣ್ ಎಂದರೇನು ಎಂದು ಹೆನ್ರಿಕ್ ಪಿಸುಮಾತಿನಲ್ಲಿ ಕೇಳಿದ. ಭೂಷಣ ಎಂದರೆ ಒಡವೆ, ನಾನು ಊರಿಗೆ ಒಡವೆಯಿದ್ದ ಹಾಗೆ ಅಂತ ಹೊಗಳುತ್ತಿದ್ದಾರೆ ಎಂದ ನಾಗಭೂಷಣ, ನಾಚಿಕೊಂಡು. ಹೆನ್ರಿಕ್ ಎದ್ದು ನಿಂತು, ಮಿಸ್ಟರ್ ಮೂರ್ತಿ ನಿಜವಾಗಿಯೂ ಭೂಷಣ್ ಎಂದು ಘೋಷಿಸಿದ. ಜನ ಚಪ್ಪಾಳೆ ತಟ್ಟಿದರು. ಆಂಜನಪ್ಪನವರು ಮಾತ್ರ ನಾಗಭೂಷಣನ ಕಿವಿಯ ಹತ್ತಿರ ಬಾಗಿದರು.

"ಏನಪ್ಪಾ, ನಿನ್ನ ಮೂರ್ತಿ ಅಂತಾನಲ್ಲ?"

"ಅವ್ರ ದೇಶದಲ್ಲಿ ಮರ್ಯಾದಸ್ಥರಿಗೆ ಹಂಗೇ ಅನ್ನೋದು ಸಾರ್."

ಆಂಜನಪ್ಪನವರು ಸ್ವಲ್ಪ ಹೊತ್ತು ಕಾದರು. ಬಿಳಿಯ ತಮ್ಮನ್ನೂ ಒಂದು ಸಲ ಮೂರ್ತಿ ಎನ್ನಬಹುದೆಂದು ಅವರ ಆಸೆ. ಅವನು ಅನ್ನಲಿಲ್ಲ. ಬೇಸರದಿಂದ ಹೊರಟುಹೋದರು. ಅವರ ಹಿಂದೆ ಜನವೂ ಚದುರಿತು.

ಹೆಗಲ ಮೇಲಿನ ಶಾಲನ್ನು ನಾಗಭೂಷಣ ಮಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅಂಜನಮೂರ್ತಿ ನಿಂತಿದ್ದ. ಒಂದು ಕೈಯಲ್ಲಿ ಎಳನೀರಿನ ಗೊನೆ, ಇನ್ನೊಂದು ಕೈ ಮೊಣಕೈವರೆಗೆ ಟೈರಿನ ಕಪ್ಪು. ಕ್ಯಾತ್ಸಂದ್ರದಲ್ಲಿ ಕಾದು, ವಿಚಾರಿಸಿ, ಬಿಳಿಯ ಯಾವ ವ್ಯಾನಿನ ಹಿಂದೆ ಹೋದ ಎಂದು ಇಡ್ಲಿಯವರಿಂದಲೇ ತಿಳಿದುಕೊಂಡು ಬಂದಿದ್ದ.

ಇವರು ಯಾರು ಎಂದು ಹೆನ್ರಿಕ್ ಕೇಳಿದ.

ನಾಗಭೂಷಣನ ತಲೆಯಲ್ಲಿ ಆ ಹೊತ್ತಿಗೆ ಎರಡೇ ಹೆಸರು ಉಳಿದಿದ್ದವು. ಒಂದನ್ನು ತಾನು ಆಗಲೇ ಹಾಕಿಕೊಂಡಾಗಿತ್ತು. "ಎ.. ಎದುರು ಶೆಡ್ಡಿನವರು," ಎಂದ. "ಮಿಸ್ಟರ್ ನಾಗಭೂಷಣ್."

ಅಂಜನಮೂರ್ತಿ ಷಡ್ಡಕನ ಮುಖ ನೋಡಿದ, ಶಾಲು ನೋಡಿದ, ಹೆನ್ರಿಕ್‌ನ ಕೈಯಲ್ಲಿದ್ದ ನೀಲಿ ಬೋಲ್ಟು ನೋಡಿದ. ಕೂಗಾಡುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ನಾಗಭೂಷಣ ಕಣ್ಣು ಮುಚ್ಚಿಕೊಂಡ. ಅಂಜನಮೂರ್ತಿ ಗೊನೆಯನ್ನು ಮೆಲ್ಲಗೆ ಕೆಳಗಿಟ್ಟು, ಕಪ್ಪು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ.

"ಯೆಸ್ ಸರ್," ಎಂದ. "ನಾಗಭೂಷಣ್."

ಹೆನ್ರಿಕ್‌ನ ಮುಖ ಅರಳಿತು. ಇವರನ್ನೇ ಹುಡುಕಿಕೊಂಡು ನಾನು ಇಂಡಿಯಾಕ್ಕೆ ಬಂದಿದ್ದು ಎಂದ. ದಕ್ಷಿಣದಲ್ಲಿ ಸಮುದ್ರದ ಬೋಲ್ಟು ಮಾಡಲು ಬರುವವನೆಂದರೆ ತುಮಕೂರಿನ ನಾಗಭೂಷಣ ಒಬ್ಬನೇ ಅಂತ ಮುಂಬಯಿಯ ಎಣ್ಣೆ ಕಂಪನಿಯವರು ಹೇಳಿದ್ದರಂತೆ. ಮೊದಲೇ ತಿಳಿಸಿ ಹೋದರೆ ಎಲ್ಲರೂ ಗೋಡೆಗೆ ಸುಣ್ಣ ಬಳಿದು ಕಾಯುತ್ತಾರೆ, ಆದ್ದರಿಂದ ಹೇಳದೆ ಕೇಳದೆ ಮಧ್ಯಾಹ್ನ ಹೋಗಬೇಕೆಂದಿದ್ದನಂತೆ. ಆಮೇಲೆ ನಾಗಭೂಷಣನ ಕಡೆ ತಿರುಗಿ, ತಪ್ಪು ತಿಳಿಯಬೇಡಿ ಮಿಸ್ಟರ್ ಮೂರ್ತಿ, ನಿಮ್ಮಲ್ಲಿಗೆ ಬರೀ ಪುಸ್ತಿಕೆ ಕೊಟ್ಟಿರೆಂಬ ಮುಲಾಜಿಗೆ ಬರುವುದಾಗಿ ಒಪ್ಪಿಕೊಂಡಿದ್ದೆ ಎಂದ.

ನಾಗಭೂಷಣನ ಕಿವಿಯೊಳಗೆ ಲೇತು ಯಂತ್ರ ತಿರುಗಿದ ಹಾಗಾಯಿತು. ಇವರು ಇವತ್ತು ತುಂಬ ಬಿಜಿ ಎಂದೇನೋ ತೊದಲಿದ. ಅಂಜನಮೂರ್ತಿ ಅಷ್ಟರಲ್ಲಿ ಹೆನ್ರಿಕ್‌ನನ್ನು ರಸ್ತೆ ದಾಟಿಸುತ್ತಿದ್ದ.

ಆ ಅರ್ಧ ಗಂಟೆ ನಾಗಭೂಷಣ ಬಾಗಿಲ ಕಂಬ ಹಿಡಿದು ನಿಂತಿದ್ದ. ಎದುರು ಶೆಡ್ಡಿನೊಳಗೆ ಎಲ್ಲ ಕಾಣುತ್ತಿತ್ತು. ತುಕ್ಕು ಹಿಡಿದ ಗೇಟಿನ ಕೀಲುಗಳ ರಾಶಿ, ಅದರ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕಾವಿಗೆ ಕೂತಿದ್ದ ಒಂದು ಕೋಳಿ. ಹೆನ್ರಿಕ್ ಕೋಳಿಯನ್ನು ಸುತ್ತು ಹಾಕಿಕೊಂಡು ಹೋಗುವುದು ಕಂಡಿತು. ಅಂಜನಮೂರ್ತಿ ಒಂದೊಂದು ಕೀಲನ್ನೂ ಎತ್ತಿ ತೋರಿಸುತ್ತಿದ್ದ. ಏನನ್ನೂ ಬಚ್ಚಿಡುತ್ತಿರಲಿಲ್ಲ. ತನ್ನ ಹೆಸರಿನ ಮಾನ ಒಂದೊಂದೇ ಕೀಲಾಗಿ ಕಳಚುವುದನ್ನು ನಾಗಭೂಷಣ ನಿಂತು ನೋಡಿದ. ಇಷ್ಟು ದಿನ ಆ ಶೆಡ್ಡಿನಲ್ಲಿ ಇದ್ದದ್ದನ್ನೆಲ್ಲ ನೋಡಿ ಹೊಟ್ಟೆ ಉರಿಸಿಕೊಂಡಿದ್ದವನು, ಅಲ್ಲಿ ಇನ್ನೊಂದಿಷ್ಟು ಒಳ್ಳೆಯದು ಏನಾದರೂ ಇರಬಾರದಿತ್ತೇ ಎಂದು ಮೊದಲ ಸಲ ದೇವರನ್ನು ಬೇಡಿಕೊಂಡ.

ಹೆನ್ರಿಕ್ ತಲೆಯಲ್ಲಾಡಿಸುತ್ತ ವಾಪಸು ಬಂದ. ಮುಂಬಯಿಯವರು ಒಂದೋ ಕುರುಡರು, ಇಲ್ಲವೇ ಆ ಮನುಷ್ಯನ ನೆಂಟರು ಎಂದ. ಆದರೆ ಪಾಪ, ಪ್ರಾಮಾಣಿಕ. ಉಪ್ಪುನೀರಿನ ತುಕ್ಕಿನ ಬಗ್ಗೆ ಕೇಳಿದರೆ, ನನಗೇನೂ ಗೊತ್ತಿಲ್ಲ ಸರ್, ಅದರಲ್ಲಿ ಮೂರ್ತಿಯವರನ್ನು ಮೀರಿಸುವವರಿಲ್ಲ ಎಂದು ಕೈಮುಗಿದನಂತೆ. ನಾಗಭೂಷಣ ಎಂಬ ಹೆಸರನ್ನು ಇನ್ನು ಮುಂದೆ ತಮ್ಮ ಕಂಪನಿ ನೆನೆಸುವುದಿಲ್ಲ ಎಂದೂ ಹೇಳಿದ.

ಇನ್ನು ತಡೆಯಲಾಗಲಿಲ್ಲ. ನಾಗಭೂಷಣ ಅವನ ತೋಳು ಹಿಡಿದುಕೊಂಡ. ಸರ್, ಒಂದು ವಿಷಯ ಹೇಳಬೇಕು, ಹೆಸರಿನ ವಿಚಾರ ಎಂದ.

ಹೆಸರು, ಅದೇ ಎಲ್ಲ ಎಂದ ಹೆನ್ರಿಕ್. ಒಮ್ಮೆ ಒಬ್ಬ ಸಪ್ಲೈಯರು ಬೇರೆಯವರ ಬೋಲ್ಟಿಗೆ ತನ್ನ ಮುದ್ರೆ ಹೊಡೆದು ಕಳಿಸಿದ್ದನಂತೆ. ಬೋಲ್ಟು ಚೆನ್ನಾಗಿಯೇ ಇತ್ತು. ಆದರೂ ಕಂಬಕ್ಕೆ ಹಾಕಿದ್ದ ಒಂದೊಂದನ್ನೂ ಬಿಚ್ಚಿಸಿ, ಅವನನ್ನು ಹೊರಗೆ ಹಾಕಿ, ಅವನ ಅಣ್ಣತಮ್ಮಂದಿರನ್ನೂ ಹತ್ತಿರ ಸೇರಿಸಲಿಲ್ಲವಂತೆ. ಹೆಸರಿನಲ್ಲಿ ಸುಳ್ಳು ಹೇಳಿದವನು ಕಬ್ಬಿಣದಲ್ಲೂ ಹೇಳುತ್ತಾನೆ ಎಂದು ಹೇಳಿ, ನೀವೇನೋ ಹೇಳುವುದರಲ್ಲಿದ್ದಿರಿ ಎಂದ.

ನಾಗಭೂಷಣ ಹಿಡಿದ ತೋಳನ್ನು ಬಿಟ್ಟ. "ಏನಿಲ್ಲ ಸರ್," ಎಂದ. "ಮೂರ್ತಿ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಟಿ ಆದ್ಮೇಲೆ ಒಂದು ಹೆಚ್ ಬರುತ್ತೆ."

ಹೆನ್ರಿಕ್ ಪೇಟೆಯಿಂದ ವಾಪಸು ಬಂದಿದ್ದ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟುಕೊಂಡು ಮೊದಲ ಸಲದ ಆರ್ಡರು ಬರೆದ. ಹೆಚ್ ಮರೆಯಲಿಲ್ಲ. ಹೊತ್ತು ಮೀರಿದ್ದರಿಂದ ಊಟ ಇನ್ನೊಮ್ಮೆ ಎಂದು ಹೇಳಿ, ಚೇಳೂರಿನ ಎಳನೀರು ಕುಡಿದು, ಮಿಸ್ಟರ್ ಮೂರ್ತಿಯನ್ನು ತಬ್ಬಿಕೊಂಡು, ಮಿಸ್ಟರ್ ನಾಗಭೂಷಣನ ಬೆನ್ನನ್ನು ಕನಿಕರದಿಂದ ತಟ್ಟಿ ಹೊರಟುಹೋದ.

ರಸ್ತೆಯಲ್ಲಿ ಇಬ್ಬರು ಷಡ್ಡಕರು ಉಳಿದರು. ನಾಗಭೂಷಣ ಆರ್ಡರಿನ ಕಾಗದವನ್ನು ಹಿಡಿದುಕೊಂಡೇ ಇದ್ದ. ಅಂಜನಮೂರ್ತಿ ಅದನ್ನು ಮೆತ್ತಗೆ ಬಿಡಿಸಿಕೊಂಡ.

"ನೀನು ಯಾಕೋ ಬಾಯಿ ಬಿಡ್ಲಿಲ್ಲ?" ಎಂದ ನಾಗಭೂಷಣ.

"ಹಿರೀಕ್ರು ನೀವು ಅಣ್ಣ. ಪರದೇಶದೋನ್ ಎದ್ರು ನಿಮ್ಮನ್ನ ಸುಳ್ಳ ಅಂತ ಹೆಂಗನ್ಲಿ?" ಕಾಗದವನ್ನು ಜೇಬಿಗಿಟ್ಟುಕೊಳ್ಳುತ್ತ ಅವನು ನಿಧಾನವಾಗಿ ವಿವರಿಸಿದ. ಮಾಲು ಭೂಷಣ್ಣನೇ ಮಾಡಲಿ, ಕೂಲಿ ಬೇರೆಯವರಿಗೆ ಕೊಡುವಷ್ಟೇ ಕೊಡುತ್ತೇನೆ. ಮುದ್ರೆ ಮಾತ್ರ ನನ್ನದು, ಆರ್ಡರು ನನ್ನ ಹೆಸರಿಗೇ ಇದೆಯಲ್ಲ. "ಆಮೇಲೆ ಅವ್ರು ಆಗಾಗ ಬಂದು ನೋಡ್ತಾರಂತೆ. ಅವ್ರು ಬಂದ ದಿವ್ಸ ಒಂದಿನ ನೀವೇ ನಾನಾಗ್ಬೇಕಾಗುತ್ತೆ. ನಾನು ಕೋಳಿ ಹತ್ರ ಇರ್ತೀನಿ, ಬುಡಿ."

ಸಂಜೆ ಶೃತಿಯ ಮನೆಯಲ್ಲಿ ಎಲ್ಲರಿಗೂ ಊಟ. ಬಿಳಿಯ ತಿನ್ನದೆ ಬಿಟ್ಟ ಅಡುಗೆ ಇನ್ನೂ ಬಹಳ ಉಳಿದಿತ್ತು. ಸಂಧ್ಯಾ ಗಂಡನ ಮುಖ ನೋಡದೆ ತಂಗಿಗೆ ಬಡಿಸಲು ನೆರವಾಗುತ್ತಿದ್ದಳು. ಇವತ್ತೆಲ್ಲ ನೀವು ಎಲ್ಲಿದ್ರಿ ಎಂದು ಬರುವ ದಾರಿಯಲ್ಲಿ ಒಮ್ಮೆ ಕೇಳಿದ್ದಳು. ಶೆಡ್ಡಿನಲ್ಲಿ ಎಂದಿದ್ದ. ಶೆಡ್ಡಿನಲ್ಲೇ ಇರಿ ಎಂದು ಆ ಮಾತು ಮುಗಿಸಿದ್ದಳು.

ಮಾವನವರು ಚೇಳೂರಿನಿಂದ ಬಸ್ಸಿನಲ್ಲಿ ಬಂದು ಇಳಿದಿದ್ದರು. ಕಿರಿಯ ಅಳಿಯನ ಕಾರ್ಖಾನೆಯನ್ನು ಬಿಳಿಯ ಹೇಗೆಲ್ಲ ಹೊಗಳಿದ ಎಂಬುದನ್ನು ಅವರಿಗೆ ಕರೆತರಲು ಹೋಗಿದ್ದ ಅಂಜನಮೂರ್ತಿಯೇ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದ. ನೀಲಿ ಬೋಲ್ಟು, ಉಪ್ಪಿನ ಪೆಟ್ಟಿಗೆ, ಚೊಕ್ಕಟವಾದ ನೆಲ, ಎಲ್ಲ ವಿವರವಾಗಿ ಗೊತ್ತಿತ್ತು. ಅಂಜನಮೂರ್ತಿಯ ಬಗ್ಗೆ ನಾಗಭೂಷಣ ಇಷ್ಟು ವರ್ಷ ಕೇಳಿದ ಹೊಗಳಿಕೆಗಳಲ್ಲಿ ಪೂರ್ತಿ ನಿಜವಾಗಿದ್ದದ್ದು ಇದೊಂದೇ. ಅದಕ್ಕೇ ಇದನ್ನು ಸಹಿಸುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಾವನವರು ಅವನ ಪಕ್ಕದಲ್ಲಿ ಕೂತು, ತೊಡೆ ತಟ್ಟಿ, ದನಿ ತಗ್ಗಿಸಿದರು.

"ನೋಡಪ್ಪ ಭೂಷಣ್, ಬ್ಯಾಸರ ಮಾಡ್ಕಬ್ಯಾಡ. ದೊಡ್ಡೋನು ಅಂತ ಬಿಂಕ ಇಟ್ಕಂಡ್ರೆ ಆಗಲ್ಲ. ಅವ್ನ ಶೆಡ್ಡೇನ್ ನಿಂಗೆ ದೂರ್ವಾ? ಒಂದ್ಸತಿ ಹೋಗಿ ಕಣ್ಣಾರೆ ನೋಡ್ಕಂಡ್ ಬಾ. ಹೆಂಗ್ ಇಟ್ಕಂಡವ್ನೆ, ಏನ್ ಮಾಡ್ತವ್ನೆ, ಕಲ್ತ್ಕೋ."

ಅಂಜನಮೂರ್ತಿ ತಟ್ಟೆಯ ಮೇಲೆ ಬಾಗಿ ಸಾರು ಕಲಸುತ್ತಿದ್ದ.

"ಆಯ್ತು ಮಾವ," ಎಂದ ನಾಗಭೂಷಣ. "ನಾಳೆ ಬೆಳಿಗ್ಗೆನೇ ಹೋಗ್ತೀನಿ."